ಬೇಗ ಮುರಿಯುವ ಮೂಳೆಗಳ ಮಗು: ಎತ್ತಿಕೊಳ್ಳುವುದರಿಂದ ಶಾಲೆಗೆ ಕಳಿಸುವವರೆಗೆ

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಹೆಸರನ್ನು ವೈದ್ಯರ ಬಾಯಿಂದ ಮೊದಲ ಸಲ ಕೇಳಿದ ದಿನ ತಂದೆತಾಯಿಯರ ಮನಸ್ಸಿನಲ್ಲಿ ಉಳಿಯುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಈ ಮಗುವನ್ನು ಎತ್ತಿಕೊಳ್ಳುವುದು ಹೇಗೆ? ಕಾಯಿಲೆಯ ವಂಶವಾಹಿ, ಅದರ ವಿಧ, ಮುಂದಿನ ಚಿಕಿತ್ಸೆ ಎಲ್ಲವೂ ಆಮೇಲಿನ ಮಾತು. ಇನ್ನೊಂದು ಗಂಟೆಯಲ್ಲಿ ಮಗು ಹಸಿದು ಅಳುತ್ತದೆ, ಆಗ ಅದನ್ನು ಎತ್ತಲೇಬೇಕು. ಆದ್ದರಿಂದ ಈ ಲೇಖನದ ಬಹುಭಾಗ ಎತ್ತುವ, ತೊಳೆಯುವ, ಬಟ್ಟೆ ಹಾಕುವ, ಮಲಗಿಸುವ ದಿನನಿತ್ಯದ ಕೆಲಸಗಳನ್ನೇ ಕುರಿತದ್ದು. ಒಂದು ಮಾತನ್ನು ಮಾತ್ರ ಮೊದಲೇ ಹೇಳಬೇಕು. ಮುರಿದೀತೆಂಬ ಹೆದರಿಕೆಯಿಂದ ಮಗುವನ್ನು ಅಲುಗಾಡಿಸದೆ ಮಲಗಿಸಿಟ್ಟರೆ ಅದರ ಮೂಳೆಗಳು ಇನ್ನಷ್ಟು ತೆಳುವಾಗುತ್ತವೆ, ಏಕೆಂದರೆ ಮೂಳೆಗೆ ಬಲ ಬರುವುದು ಸ್ನಾಯುಗಳ ಎಳೆತದಿಂದ ಮತ್ತು ಮೈಭಾರವನ್ನು ಹೊರುವುದರಿಂದ. ಎಚ್ಚರದಿಂದ ಎತ್ತುವುದನ್ನು ಕಲಿಯುವುದು ಮಗು ಹೆಚ್ಚು ಚಲಿಸಲೆಂದೇ ಹೊರತು ಚಲಿಸದಿರಲೆಂದಲ್ಲ.

ಕಾಯಿಲೆಯ ಬಗ್ಗೆ ತಿಳಿದಿರಬೇಕಾದಷ್ಟು

ಮೂಳೆಯನ್ನು ಹೆಣೆದ ತಟ್ಟಿಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆಗೆ ಹೋಲಿಸಬಹುದು. ಕೊಲಾಜೆನ್ ಎಂಬ ಪ್ರೋಟೀನು ತಟ್ಟಿ, ಕ್ಯಾಲ್ಸಿಯಂ ಮುಂತಾದ ಲವಣಗಳು ಅದಕ್ಕೆ ಮೆತ್ತಿದ ಮಣ್ಣು. ಈ ಕಾಯಿಲೆಯಲ್ಲಿ ದೋಷವಿರುವುದು ತಟ್ಟಿಯ ಹೆಣಿಗೆಯಲ್ಲಿ. ಹೆಣಿಗೆಯೇ ಕಡಿಮೆಯಿದ್ದರೆ ಅಥವಾ ಅಡ್ಡಾದಿಡ್ಡಿಯಾಗಿದ್ದರೆ ಮೇಲೆ ಎಷ್ಟು ಮಣ್ಣು ಮೆತ್ತಿದರೂ ಗೋಡೆ ಗಟ್ಟಿಯಾಗುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯಿಂದ ಈ ಕಾಯಿಲೆ ವಾಸಿಯಾಗದಿರುವುದಕ್ಕೆ ಕಾರಣ ಇದೇ. ಹತ್ತರಲ್ಲಿ ಎಂಟೊಂಬತ್ತು ಮಕ್ಕಳಲ್ಲಿ ತೊಂದರೆ ಇರುವುದು ಒಂದನೇ ಬಗೆಯ ಕೊಲಾಜೆನ್ ತಯಾರಿಸುವ ಎರಡು ವಂಶವಾಹಿಗಳಲ್ಲಿ ಒಂದರಲ್ಲಿ. ಸುಮಾರು 15,000ದಿಂದ 20,000 ಜನನಗಳಿಗೆ ಒಂದು ಮಗುವಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಕೊಲಾಜೆನ್ ಮೂಳೆಯಲ್ಲಷ್ಟೇ ಇರುವುದಿಲ್ಲವಾದ್ದರಿಂದ ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುವುದು, ಹಲ್ಲು ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿ ಸವೆಯುವುದು, ಕೀಲುಗಳು ಸಡಿಲವಾಗಿರುವುದು, ಬೆವರು ಹೆಚ್ಚುವುದು, ಮುಂದೆ ಕಿವಿ ಮಂದವಾಗುವುದು ಇವೆಲ್ಲ ಇದೇ ಕಾಯಿಲೆಯ ಭಾಗವಾಗಿರಬಹುದು. ಆದರೆ ಎಲ್ಲ ಮಕ್ಕಳಲ್ಲೂ ಎಲ್ಲವೂ ಇರುವುದಿಲ್ಲ. ಆಸ್ಟ್ರೇಲಿಯಾದ ವೈದ್ಯ ಡೇವಿಡ್ ಸಿಲೆನ್ಸ್ 1979ರಲ್ಲಿ ಮಾಡಿದ ನಾಲ್ಕು ವಿಧಗಳ ವಿಂಗಡಣೆಯನ್ನೇ ವೈದ್ಯರು ಇಂದಿಗೂ ಬಳಸುತ್ತಾರೆ. ನಂತರ ಅದಕ್ಕೆ ಇನ್ನಷ್ಟು ವಿಧಗಳು ಸೇರಿವೆ. ಒಂದನೆಯದು ಎಲ್ಲಕ್ಕಿಂತ ಸೌಮ್ಯ ಮತ್ತು ಹೆಚ್ಚು ಸಾಮಾನ್ಯ. ಎರಡನೆಯದು ಅತಿ ತೀವ್ರವಾದದ್ದು, ಅದರಲ್ಲಿ ಶಿಶು ಹುಟ್ಟುವ ಹೊತ್ತಿಗೆ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲೇ ತೀರಿಕೊಳ್ಳುವುದು ಹೆಚ್ಚು. ಮೂರನೆಯದು ಮಕ್ಕಳು ಬದುಕಿ ಬೆಳೆಯುವ ವಿಧಗಳಲ್ಲಿ ತೀವ್ರವಾದದ್ದು. ನಾಲ್ಕನೆಯದು ಒಂದನೆಯದಕ್ಕೂ ಮೂರನೆಯದಕ್ಕೂ ನಡುವಿನದು. ನಿಮ್ಮ ಮಗುವಿನ ವಿಧ ಯಾವುದೆಂದು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಯಾವುದನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕೆಂಬುದು ಅದನ್ನು ಅವಲಂಬಿಸಿದೆ.

ಗರ್ಭಿಣಿಯಾಗಿದ್ದಾಗ ತಾಯಿ ತಿಂದದ್ದರಿಂದ, ತಿನ್ನದೆ ಇದ್ದದ್ದರಿಂದ, ಬಿದ್ದದ್ದರಿಂದ ಅಥವಾ ದುಡಿದದ್ದರಿಂದ ಈ ಕಾಯಿಲೆ ಬರುವುದಿಲ್ಲ. ಈ ಮಾತನ್ನು ಮನೆಯವರೆಲ್ಲರ ಮುಂದೆ ವೈದ್ಯರಿಂದಲೇ ಹೇಳಿಸುವುದು ಒಳ್ಳೆಯದು. ಅನೇಕ ಮಕ್ಕಳಲ್ಲಿ ವಂಶವಾಹಿಯ ಬದಲಾವಣೆ ಹೊಸದಾಗಿ ಉಂಟಾಗಿರುತ್ತದೆ, ಮನೆತನದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ. ತಂದೆ ಅಥವಾ ತಾಯಿಗೆ ಸಾಮಾನ್ಯ ಬಗೆಯ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ತಂದೆತಾಯಿ ಇಬ್ಬರೂ ತಮಗೆ ಕಾಯಿಲೆ ಇಲ್ಲದೆ ಅದರ ವಾಹಕರಾಗಿರುವ ಅಪರೂಪದ ಬಗೆಗಳಲ್ಲಿ ಈ ಸಾಧ್ಯತೆ ಕಾಲುಭಾಗ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಅದಕ್ಕೆ ಮೊದಲು ವಂಶವಾಹಿ ತಜ್ಞರನ್ನು ಕಾಣಬೇಕು.

ಎತ್ತಿಕೊಳ್ಳುವ ಕ್ರಮ

ಮಾಡಬಾರದವನ್ನು ಮೊದಲು ತಿಳಿದುಕೊಳ್ಳೋಣ. ಕಂಕುಳಿಗೆ ಕೈಹಾಕಿ ಮಗುವನ್ನು ಮೇಲೆತ್ತಬಾರದು. ಕೈ ಹಿಡಿದು ಎಳೆದು ಕೂರಿಸಬಾರದು. ಎರಡು ಪಾದಗಳನ್ನು ಒಟ್ಟಿಗೆ ಹಿಡಿದು ಕಾಲೆತ್ತಬಾರದು. ಎದೆಗೂಡನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿಯಬಾರದು. ಗಾಳಿಯಲ್ಲಿ ಎಸೆದು ಹಿಡಿಯುವ ಆಟ, ಕೈಕಾಲುಗಳನ್ನು ಮಡಚಿ ಎಳೆಯುವ ವ್ಯಾಯಾಮ, ಒತ್ತಿ ತಿಕ್ಕುವ ಮಾಲೀಶು ಯಾವುದೂ ಬೇಡ. ಬಲವು ಒಂದೇ ಜಾಗದಲ್ಲಿ ಬಿದ್ದರೆ ಅಥವಾ ಉದ್ದ ಮೂಳೆ ತಿರುಚಿಕೊಂಡರೆ ಮುರಿತವಾಗುತ್ತದೆ. ಆದ್ದರಿಂದ ಭಾರವನ್ನು ಹೆಚ್ಚು ಜಾಗಕ್ಕೆ ಹರಡುವುದೇ ಎತ್ತುವ ಕ್ರಮದ ತಿರುಳು.

1. ಕೈಯ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಿ. ಮಗುವಿನ ಕೈಕಾಲುಗಳು ಹೊದಿಕೆಯಲ್ಲಾಗಲಿ, ತೊಟ್ಟಿಲಿನ ಸರಳಿನಲ್ಲಾಗಲಿ, ನಿಮ್ಮ ಬಟ್ಟೆಯಲ್ಲಾಗಲಿ ಸಿಕ್ಕಿಕೊಂಡಿಲ್ಲವೆಂದು ಕಣ್ಣಾಡಿಸಿ ನೋಡಿ. ಎತ್ತುವ ಅವಸರದಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಈ ಹೆಜ್ಜೆಯೇ.

2. ಎತ್ತುತ್ತೇನೆಂದು ಮಗುವಿಗೆ ಹೇಳಿ. ತಿಂಗಳ ಶಿಶುವಿಗೆ ಅರ್ಥವಾಗದಿದ್ದರೂ ನಿಮ್ಮ ದನಿ ಕೇಳಿದರೆ ಅದು ಬೆಚ್ಚಿ ಮೈ ಕೊಸರುವುದಿಲ್ಲ.

3. ಬೆರಳುಗಳನ್ನು ಅಗಲವಾಗಿ ಹರಡಿಕೊಂಡು ಒಂದು ಕೈಯನ್ನು ತಲೆ, ಕುತ್ತಿಗೆ ಮತ್ತು ಭುಜಗಳ ಕೆಳಗೆ, ಇನ್ನೊಂದನ್ನು ಪೃಷ್ಠದ ಕೆಳಗೆ ಮೆಲ್ಲಗೆ ಜಾರಿಸಿ. ಹಾಸಿಗೆಯನ್ನು ಕೆಳಕ್ಕೆ ಒತ್ತಿ ಕೈ ತೂರಿಸಬೇಕು, ಮಗುವನ್ನು ಮೇಲಕ್ಕೆ ಸರಿಸಿ ಅಲ್ಲ.

4. ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ಒಟ್ಟಿಗೆ ಎತ್ತಿ ಎದೆಗೆ ಆನಿಸಿಕೊಳ್ಳಿ. ಕಾಲುಗಳು ಜೋತುಬೀಳದೆ ನಿಮ್ಮ ತೋಳಿನ ಮೇಲೆ ಬರಲಿ.

ತೀವ್ರ ವಿಧದ ಶಿಶುವನ್ನು ಮೊದಲ ತಿಂಗಳುಗಳಲ್ಲಿ ಗಟ್ಟಿಯಾದ ಸ್ಪಂಜಿನ ಮೆತ್ತೆ ಅಥವಾ ದಿಂಬಿನ ಮೇಲೆ ಮಲಗಿಸಿ, ಮೆತ್ತೆಯ ಸಮೇತ ಎತ್ತಿ ಓಡಾಡಿಸಬಹುದು. ಆದರೆ ಇದನ್ನೇ ಖಾಯಂ ಅಭ್ಯಾಸ ಮಾಡಿಕೊಳ್ಳಬಾರದು. ಆ ಮಗುವಿಗೂ ಮೈ ತಾಗುವ ಅಪ್ಪುಗೆ ಬೇಕು. ತೇಗು ಬರಿಸಲು ಬೆನ್ನಿಗೆ ತಟ್ಟುವ ಬದಲು ಅಂಗೈಯಿಂದ ಮೆಲ್ಲಗೆ ನೇವರಿಸಿದರೆ ಸಾಕು. ಮನೆಯಲ್ಲಿ ಒಬ್ಬರಷ್ಟೇ ಈ ಕ್ರಮವನ್ನು ಕಲಿತು ಉಳಿದವರು ದೂರ ನಿಂತರೆ ಆ ಒಬ್ಬರು ಕೆಲವೇ ವಾರಗಳಲ್ಲಿ ಬಸವಳಿಯುತ್ತಾರೆ. ದಣಿದ ಕೈ ತಪ್ಪು ಮಾಡುವ ಸಂಭವವೂ ಹೆಚ್ಚು. ಕನಿಷ್ಠ ಮೂವರು ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡು, ಮೊದಲು ಗೊಂಬೆಯ ಮೇಲೆ ಅಭ್ಯಾಸ ಮಾಡಿ, ಆಮೇಲೆ ಮಗುವನ್ನು ಎತ್ತಲು ಕಲಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಡೈಪರ್, ಬಟ್ಟೆ, ಸ್ನಾನ, ನಿದ್ದೆ

ಡೈಪರ್ ಬದಲಿಸುವಾಗ ಪಾದ ಹಿಡಿದು ಕಾಲೆತ್ತುವ ಬದಲು ಅಂಗೈಯನ್ನು ಪೃಷ್ಠದ ಕೆಳಗೆ ಜಾರಿಸಿ, ಮುಂಗೈ ಮೇಲೆ ಕಾಲುಗಳು ಒರಗುವಂತೆ ಸೊಂಟವನ್ನು ಸ್ವಲ್ಪವೇ ಎತ್ತಿ, ಹಳೆಯದನ್ನು ತೆಗೆಯುವ ಮೊದಲೇ ಹೊಸದನ್ನು ಕೆಳಗೆ ಹಾಸಿಟ್ಟರೆ ಒಂದೇ ಸಲ ಎತ್ತಿದರೆ ಸಾಕಾಗುತ್ತದೆ. ಬಟ್ಟೆ ಮುಂಭಾಗದಲ್ಲಿ ಪೂರ್ತಿ ತೆರೆಯುವಂತಿರಲಿ, ತೋಳು ಅಗಲವಾಗಿರಲಿ. ತೋಳು ಹಾಕುವಾಗ ನಿಮ್ಮ ಬೆರಳುಗಳನ್ನು ತೋಳಿನ ತುದಿಯಿಂದ ಒಳಗೆ ತೂರಿಸಿ ಮಗುವಿನ ಕೈಯನ್ನು ಮೃದುವಾಗಿ ಹಿಡಿದುಕೊಳ್ಳಿ, ಆಮೇಲೆ ಬಟ್ಟೆಯನ್ನು ಕೈಯ ಮೇಲೆ ಸರಿಸಿ. ಕೈಯನ್ನು ಬಟ್ಟೆಯೊಳಗೆ ಎಳೆಯಬಾರದು. ಈ ಮಕ್ಕಳಿಗೆ ಬೆವರು ಹೆಚ್ಚಾದ್ದರಿಂದ ತೆಳುವಾದ ಹತ್ತಿಬಟ್ಟೆಯೇ ಸರಿ.

ಸ್ನಾನಕ್ಕೆ ತಳದಲ್ಲಿ ಸ್ಪಂಜು ಹಾಸಿದ ತೊಟ್ಟಿ ಬೇಕು. ಟವೆಲು, ಬಟ್ಟೆ, ಡೈಪರ್ ಎಲ್ಲವನ್ನೂ ಕೈಗೆಟಕುವಂತೆ ಇಟ್ಟುಕೊಂಡ ಮೇಲೆಯೇ ಮಗುವನ್ನು ನೀರಿಗೆ ಇಳಿಸಿ, ಆಮೇಲೆ ಮೈಯನ್ನು ಉಜ್ಜದೆ ಟವೆಲಿನಿಂದ ಮೆಲ್ಲಗೆ ಒತ್ತಿ ಒರೆಸಿ. ಬೆಚ್ಚಗಿನ ನೀರಿನಲ್ಲಿ ಮೈ ಹಗುರವಾಗುವುದರಿಂದ ಮಗು ತಾನಾಗಿಯೇ ಕೈಕಾಲು ಆಡಿಸುತ್ತದೆ. ಆದ್ದರಿಂದ ಸ್ನಾನವನ್ನು ಅವಸರದಲ್ಲಿ ಮುಗಿಸಬೇಡಿ, ಇದೇ ಅದರ ಮೊದಲ ವ್ಯಾಯಾಮ.

ಶಿಶುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಬೆನ್ನಿನ ಮೇಲೆಯೇ ಮಲಗಿಸಬೇಕು. ಆದರೆ ತಲೆಬುರುಡೆ ಮೃದುವಾಗಿರುವುದರಿಂದ ಯಾವಾಗಲೂ ಒಂದೇ ಭಂಗಿಯಲ್ಲಿದ್ದರೆ ಹಿಂದಲೆ ಚಪ್ಪಟೆಯಾಗುತ್ತದೆ, ಕುತ್ತಿಗೆ ಒಂದೇ ಕಡೆಗೆ ತಿರುಗಿ ನಿಲ್ಲುತ್ತದೆ. ಎಚ್ಚರವಾಗಿರುವಾಗ ಮಗ್ಗುಲಿಗೆ ತಿರುಗಿಸಿ ಬೆನ್ನ ಹಿಂದೆ ಸುತ್ತಿದ ಟವೆಲಿನ ಆಸರೆ ಕೊಡಿ. ವೈದ್ಯರು ಒಪ್ಪಿದರೆ, ನೀವು ಅರ್ಧ ಒರಗಿ ಕುಳಿತು ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲು ಮಲಗಿಸಿಕೊಳ್ಳಿ. ನಿಮ್ಮ ಮುಖ ನೋಡಲು ಅದು ತಲೆಯೆತ್ತುತ್ತದೆ, ಕುತ್ತಿಗೆ ಮತ್ತು ಬೆನ್ನಿಗೆ ಬಲ ಬರುತ್ತದೆ. ಚಕ್ರವಿರುವ ವಾಕರ್, ತೂಗುಹಾಕಿ ಕುಪ್ಪಳಿಸುವ ಸಾಧನ, ಬೆನ್ನು ಬಾಗಿಸಿ ಕಾಲು ಜೋತುಬಿಡುವ ಜೋಳಿಗೆಗಳನ್ನು ಬಳಸಬೇಡಿ. ಕಾರಿನಲ್ಲಿ ಹಿಂದಕ್ಕೆ ಮುಖವಿರುವ, ಒರಗುವ ಮಗುವಿನ ಸೀಟನ್ನು ಸಾಧ್ಯವಾದಷ್ಟು ಕಾಲ ಬಳಸಿ. ಬೆಲ್ಟು ಒತ್ತದಂತೆ ತೆಳುವಾದ ಮೆತ್ತೆ ಇಡಬಹುದು, ಆದರೆ ಬೆನ್ನ ಹಿಂದೆ ದಪ್ಪ ದಿಂಬಿಟ್ಟರೆ ಬೆಲ್ಟು ಸಡಿಲವಾಗಿ ಅಪಘಾತದಲ್ಲಿ ಕಾಪಾಡುವುದಿಲ್ಲ.

ಮೂಳೆ ಮುರಿದಾಗ

ಎಷ್ಟೇ ಜಾಗರೂಕರಾಗಿದ್ದರೂ ಮುರಿತಗಳು ಆಗುತ್ತವೆ. ಮಗು ನಿದ್ದೆಯಲ್ಲಿ ಹೊರಳಿದಾಗ ಆಗಬಹುದು. ತಾಯಿ ಕಾಲುಚೀಲ ಹಾಕುವಾಗ ಆಗಬಹುದು. ಒಂದು ದಿನ ನಿಮ್ಮ ಕೈಯಲ್ಲೇ ಆಗಬಹುದು. ಆಗ ಮನೆಯವರು ನಿಮ್ಮನ್ನು ದೂರಿದರೆ, ಅಥವಾ ನಿಮ್ಮನ್ನು ನೀವೇ ದೂರಿಕೊಂಡರೆ, ಮರುದಿನದಿಂದ ಮಗುವನ್ನು ಎತ್ತಲು ನಿಮ್ಮ ಕೈ ನಡುಗುತ್ತದೆ, ಮಗುವಿಗೆ ಒಬ್ಬರ ಮಡಿಲು ಕಡಿಮೆಯಾಗುತ್ತದೆ. ಯಾರ ಕೈಯಲ್ಲಿ ಮುರಿಯಿತು ಎಂಬುದನ್ನು ಕೇಳುವುದಿಲ್ಲವೆಂದು ಮೊದಲೇ ಮಾತಾಡಿಕೊಂಡ ಮನೆಯಲ್ಲಿ ಮಗು ಹೆಚ್ಚು ಮಂದಿಯ ತೋಳಿನಲ್ಲಿ ಬೆಳೆಯುತ್ತದೆ. ಹೇಗೆ ಮುರಿಯಿತೆಂಬುದನ್ನು ಮಾತ್ರ ವೈದ್ಯರಿಗಾಗಿ ಬರೆದಿಡಿ.

ಮಾತು ಬಾರದ ಶಿಶುವಿನಲ್ಲಿ ಮುರಿತವನ್ನು ಗುರುತಿಸುವುದು ಕಷ್ಟ. ಸಮಾಧಾನವೇ ಆಗದ ಅಳು, ಒಂದು ಕೈ ಅಥವಾ ಕಾಲನ್ನು ಮಾತ್ರ ಆಡಿಸದಿರುವುದು, ಬಟ್ಟೆ ಬದಲಿಸುವಾಗ ಮಾತ್ರ ಚೀರುವುದು, ಊತ, ಆ ಜಾಗ ಬಿಸಿಯಾಗಿರುವುದು, ಕೆಲವೊಮ್ಮೆ ಸಣ್ಣ ಜ್ವರ ಇವು ಅದರ ಸೂಚನೆಗಳು. ಸೂಕ್ಷ್ಮವಾದ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಹಾಗೆಂದು ಪ್ರತಿ ಅಳುವೂ ಮುರಿತವಲ್ಲ; ಈ ಮಕ್ಕಳಿಗೂ ಹೊಟ್ಟೆನೋವು, ಕಿವಿನೋವು ಬರುತ್ತವೆ.

ಮುರಿತದ ಅನುಮಾನ ಬಂದರೆ ಮಗುವನ್ನು ಇದ್ದಲ್ಲೇ ಇರಿಸಿ, ವೈದ್ಯರು ಮಗುವಿನ ತೂಕಕ್ಕೆ ತಕ್ಕಂತೆ ಮೊದಲೇ ಬರೆದುಕೊಟ್ಟ ನೋವಿನ ಔಷಧವನ್ನು ಕೊಡಿ. ಸೊಟ್ಟಗಾದ ಕೈಕಾಲನ್ನು ನೇರ ಮಾಡಲು ಹೋಗಬೇಡಿ. ಅದು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ, ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡನ್ನೂ ಒಳಗೊಳ್ಳುವಂತೆ, ಹತ್ತಿ ಸುತ್ತಿದ ರಟ್ಟಿನ ದಬ್ಬೆಯನ್ನು ಆಸರೆಗಿಟ್ಟು ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಕಟ್ಟಿದ ಮೇಲೆ ಬೆರಳುಗಳು ಬೆಚ್ಚಗೆ, ಸಹಜ ಬಣ್ಣದಲ್ಲಿವೆಯೇ ಎಂದು ನೋಡಿ. ತೋಳಿನದೇ ಆದರೆ ಕೈಯನ್ನು ಎದೆಗೆ ಆನಿಸಿ ಅಗಲವಾದ ಬಟ್ಟೆಯಿಂದ ಮೃದುವಾಗಿ ಸುತ್ತಿದರೆ ಸಾಕಾಗಬಹುದು. ರಟ್ಟು, ಹತ್ತಿ, ಪಟ್ಟಿ, ಔಷಧ, ವೈದ್ಯರ ಪತ್ರ ಇವೆಲ್ಲ ಒಂದು ಚೀಲದಲ್ಲಿ ಬಾಗಿಲ ಬಳಿ ಯಾವಾಗಲೂ ಸಿದ್ಧವಿರಲಿ.

ಮುರಿತದ ಅನುಮಾನವಿದ್ದಾಗಲೆಲ್ಲ ಅಂದೇ ವೈದ್ಯರಿಗೆ ತಿಳಿಸಬೇಕು. ತಲೆಗೆ, ಕುತ್ತಿಗೆಗೆ ಅಥವಾ ಬೆನ್ನಿಗೆ ಪೆಟ್ಟು ಬಿದ್ದಿದ್ದರೆ, ತೊಡೆಮೂಳೆ ಮುರಿದಂತಿದ್ದರೆ, ಚರ್ಮ ಹರಿದಿದ್ದರೆ, ಬೆರಳುಗಳು ತಣ್ಣಗಾಗಿದ್ದರೆ ಅಥವಾ ನೀಲಿಯಾಗಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಈ ಮಕ್ಕಳ ಮೂಳೆಗಳು ಬಹುಮಟ್ಟಿಗೆ ಬೇರೆ ಮಕ್ಕಳ ಮೂಳೆಗಳಷ್ಟೇ ಕಾಲದಲ್ಲಿ ಕೂಡಿಕೊಳ್ಳುತ್ತವೆ. ಭಾರವಾದ ಪ್ಲಾಸ್ಟರನ್ನು ಅಗತ್ಯಕ್ಕಿಂತ ಹೆಚ್ಚು ವಾರ ಇಟ್ಟರೆ ಒಳಗಿನ ಮೂಳೆ ಸೊರಗಿ, ಪ್ಲಾಸ್ಟರ್ ಬಿಚ್ಚಿದ ಕೆಲವೇ ದಿನಗಳಲ್ಲಿ ಅದೇ ಕಾಲು ಮತ್ತೆ ಮುರಿಯಬಹುದು. ಆದ್ದರಿಂದ ಹಗುರವಾದ ಪಟ್ಟಿ ಸಾಕೇ, ಎಷ್ಟು ಬೇಗ ತೆಗೆಯಬಹುದು ಎಂದು ಪ್ರತಿ ಬಾರಿಯೂ ಕೇಳಲು ಸಂಕೋಚಪಡಬೇಡಿ.

ಆಸ್ಪತ್ರೆಗೆ ಹೋಗುವಾಗ ಪತ್ರವನ್ನು ಏಕೆ ಒಯ್ಯಬೇಕೆಂಬುದನ್ನೂ ಹೇಳಬೇಕು. ಪುಟ್ಟ ಮಗುವಿನ ಎಕ್ಸ್‌ರೇಯಲ್ಲಿ ಬೇರೆ ಬೇರೆ ಕಾಲದ ಹಲವು ಮುರಿತಗಳು ಕಂಡರೆ, ಮಗುವನ್ನು ಯಾರೋ ಹೊಡೆದಿರಬಹುದೆಂದು ಅನುಮಾನಿಸುವುದು ವೈದ್ಯರ ಕರ್ತವ್ಯವೇ ಆಗಿದೆ. ಕಾಯಿಲೆಯ ಹೆಸರು, ವಿಧ, ಹಿಂದಿನ ಮುರಿತಗಳು, ಪಡೆಯುತ್ತಿರುವ ಔಷಧ, ಚಿಕಿತ್ಸೆ ನೀಡುತ್ತಿರುವ ತಜ್ಞರನ್ನು ಸಂಪರ್ಕಿಸುವ ವಿವರ ಇರುವ ಸಹಿ ಮಾಡಿದ ಪತ್ರವಿದ್ದರೆ ಆ ಕಷ್ಟದ ಹೊತ್ತಿನಲ್ಲಿ ನೀವು ಇನ್ನೊಂದು ನೋವನ್ನು ಹೊರಬೇಕಾಗುವುದಿಲ್ಲ. ರಕ್ತದೊತ್ತಡ ಅಳೆಯುವ ಪಟ್ಟಿ, ರಕ್ತ ತೆಗೆಯುವಾಗ ಕಟ್ಟುವ ದಾರ, ಎಕ್ಸ್‌ರೇಗೆಂದು ಕೈಕಾಲನ್ನು ತಿರುಗಿಸುವುದು ಇವುಗಳಿಂದಲೂ ತೀವ್ರ ವಿಧದ ಮಕ್ಕಳಲ್ಲಿ ಮುರಿತವಾಗಬಹುದು. ಮಗುವನ್ನು ಸರಿಸುವ ಕೆಲಸವನ್ನು ನಿಮಗೇ ಬಿಡಬೇಕೆಂದು ಸಿಬ್ಬಂದಿಯನ್ನು ಕೇಳಿಕೊಳ್ಳಿ.

ಔಷಧ ಮತ್ತು ಶಸ್ತ್ರಚಿಕಿತ್ಸೆ

ಕಾಯಿಲೆಯನ್ನು ಬೇರಿನಿಂದ ಗುಣಪಡಿಸುವ ಔಷಧ ಇಲ್ಲ. ಆದರೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರಾನ್ಸಿಸ್ ಗ್ಲೋರಿಯೂ ಮತ್ತು ಅವರ ಸಂಗಡಿಗರು 1998ರಲ್ಲಿ ಪಾಮಿಡ್ರೋನೇಟ್ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದ ಮೇಲೆ ತೀವ್ರ ವಿಧದ ಮಕ್ಕಳ ಪಾಲನೆ ಬಹಳ ಬದಲಾಗಿದೆ. ನಮ್ಮ ಮೂಳೆಯನ್ನು ದೇಹವೇ ಸದಾ ಕರಗಿಸಿ ಮತ್ತೆ ಕಟ್ಟುತ್ತಿರುತ್ತದೆ. ಬಿಸ್ಫಾಸ್ಫೋನೇಟ್ ಎಂಬ ಈ ಗುಂಪಿನ ಔಷಧಗಳು ಕರಗಿಸುವ ಕೆಲಸವನ್ನು ನಿಧಾನಗೊಳಿಸುತ್ತವೆ. ಪಾಮಿಡ್ರೋನೇಟನ್ನು ಸಾಮಾನ್ಯವಾಗಿ ವಯಸ್ಸಿಗೆ ತಕ್ಕಂತೆ 2ರಿಂದ 4 ತಿಂಗಳಿಗೊಮ್ಮೆ, ಸತತ 3 ದಿನ ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುತ್ತಾರೆ. ಜೋಲೆಡ್ರೋನಿಕ್ ಆಮ್ಲವನ್ನು ಅದಕ್ಕಿಂತ ಹೆಚ್ಚಿನ ಅಂತರದಲ್ಲಿ, ಅನೇಕ ಕಡೆ 6 ತಿಂಗಳಿಗೊಮ್ಮೆ ಕೊಡುವುದುಂಟು. ಇವುಗಳಿಂದ ಮೂಳೆಯ ಸಾಂದ್ರತೆ ಹೆಚ್ಚುತ್ತದೆ, ಕುಸಿದ ಬೆನ್ನುಮೂಳೆಗಳು ಆಕಾರ ಪಡೆಯುತ್ತವೆ, ಅನೇಕ ಮಕ್ಕಳಲ್ಲಿ ನೋವು ತಗ್ಗುತ್ತದೆ. ಮುರಿತಗಳು ಪೂರ್ತಿ ನಿಲ್ಲುವುದಿಲ್ಲ.

ಮೊದಲ ಸಲ ಔಷಧ ಪಡೆದ ಒಂದೆರಡು ದಿನಗಳಲ್ಲಿ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ಮುಂದಿನ ಸಲಗಳಲ್ಲಿ ಇದು ಹೆಚ್ಚಾಗಿ ಕಾಣಿಸುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವ ಅಪಾಯವಿರುವುದರಿಂದ ಔಷಧಕ್ಕೆ ಮೊದಲೇ ಡಿ ಜೀವಸತ್ವ ಮತ್ತು ಕ್ಯಾಲ್ಸಿಯಂ ಮಟ್ಟವನ್ನು ನೋಡಿ ಸರಿಪಡಿಸಬೇಕು. ಬೆಳೆಯುತ್ತಿರುವ ಮೂಳೆಯ ತುದಿಗಳಲ್ಲಿ ಪ್ರತಿ ಬಾರಿಯ ಔಷಧಕ್ಕೂ ಒಂದರಂತೆ ಬಿಳಿ ಗೆರೆ ಮೂಡುತ್ತದೆ. ಎಕ್ಸ್‌ರೇಯಲ್ಲಿ ಅವನ್ನು ಕಂಡು ಗಾಬರಿಯಾಗಬೇಕಿಲ್ಲ.

ತೊಡೆ ಅಥವಾ ಮೊಣಕಾಲಿನ ಕೆಳಗಿನ ಮೂಳೆ ಬಾಗಿ ಮತ್ತೆ ಮತ್ತೆ ಮುರಿಯುತ್ತಿದ್ದರೆ ಮಗು ನಿಲ್ಲಲು ಹವಣಿಸುವ ವಯಸ್ಸಿನಲ್ಲಿ ಮೂಳೆಯನ್ನು ನೇರಗೊಳಿಸಿ ಒಳಗೆ ಲೋಹದ ಸರಳು ಹಾಕುವ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಮೂಳೆ ಬೆಳೆದಂತೆ ದೂರದರ್ಶಕದ ಕೊಳವೆಯಂತೆ ಉದ್ದವಾಗುವ ಸರಳುಗಳೂ ಇವೆ. ಈ ಕಾಯಿಲೆಯ ಮಕ್ಕಳಿಗೆ ಇದನ್ನು ಮಾಡಿ ಅನುಭವವಿರುವ ತಜ್ಞರು ದೂರದ ಊರಿನಲ್ಲಿದ್ದರೂ ಅಲ್ಲಿಗೇ ಹೋಗುವುದು ಮೇಲು. ಅರಿವಳಿಕೆ ಕೊಡುವ ವೈದ್ಯರಿಗೆ ಕುತ್ತಿಗೆ, ದವಡೆ, ಹಲ್ಲುಗಳ ಸ್ಥಿತಿಯನ್ನು ಮುಂಚಿತವಾಗಿ ತಿಳಿಸಬೇಕು.

ಚಲಿಸಲು ಬಿಡುವುದು

ಭೌತಚಿಕಿತ್ಸಕರನ್ನು ಮುರಿತದ ನಂತರ ಕಾಣುವುದಲ್ಲ, ಕಾಯಿಲೆ ಗೊತ್ತಾದ ತಿಂಗಳಲ್ಲೇ ಕಾಣಬೇಕು. ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಮಗು ತಾನಾಗಿ ಮಾಡುವ ಚಲನೆ ಒಳ್ಳೆಯದು, ನಾವು ಹಿಡಿದು ಮಾಡಿಸುವ ಚಲನೆ ಅಪಾಯಕರ. ಆಟಿಕೆಯನ್ನು ಎಟಕುವಂತೆ, ಆದರೆ ಸ್ವಲ್ಪ ಪಕ್ಕಕ್ಕೆ ಇಟ್ಟರೆ ಮಗು ಹೊರಳಲು ಯತ್ನಿಸುತ್ತದೆ. ತಾನೇ ಕೂರುವವರೆಗೆ ಆಸರೆಯಿಲ್ಲದೆ ಕೂರಿಸಬೇಡಿ. ಕೆಲವು ಮಕ್ಕಳು ಅಂಬೆಗಾಲಿಡದೆ ಪೃಷ್ಠದ ಮೇಲೆ ಜರುಗುತ್ತಾ ಮನೆಯೆಲ್ಲ ಸುತ್ತುತ್ತಾರೆ, ಅದನ್ನು ತಡೆಯಬೇಕಿಲ್ಲ. ನೆಲದ ಮೇಲೆ ಜಾರುವ ಚಾಪೆ, ಒದ್ದೆ, ಹರಡಿದ ಆಟಿಕೆ ಇರಬಾರದು. ಬೆಚ್ಚಗಿನ ನೀರಿನ ಕೊಳದಲ್ಲಿ ತರಬೇತಿ ಪಡೆದವರ ಜೊತೆ ಆಡುವುದಕ್ಕಿಂತ ಒಳ್ಳೆಯ ವ್ಯಾಯಾಮ ಈ ಮಕ್ಕಳಿಗೆ ಮತ್ತೊಂದಿಲ್ಲ. ಗಾಲಿಕುರ್ಚಿ ಬೇಕಾದರೆ ಅದನ್ನು ಸೋಲೆಂದು ತಿಳಿದು ಮುಂದೂಡಬೇಡಿ. ಎರಡು ಮೂರು ವರ್ಷದ ಮಗು ತಾನೇ ಚಕ್ರ ತಿರುಗಿಸಿ ತನಗೆ ಬೇಕಾದಲ್ಲಿಗೆ ಹೋಗಬಲ್ಲದು, ತೋಳಿನ ಬಲವೂ ಬೆಳೆಯುತ್ತದೆ.

ಆಹಾರದ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ವಯಸ್ಸಿಗೆ ಬೇಕಾದಷ್ಟು ಕ್ಯಾಲ್ಸಿಯಂ, ಡಿ ಜೀವಸತ್ವ ಮತ್ತು ಪ್ರೋಟೀನು ಸಿಗಲಿ. ಅದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕೊಟ್ಟರೆ ಮೂತ್ರಪಿಂಡಕ್ಕೆ ತೊಂದರೆ. ಮೈತೂಕ ಹೆಚ್ಚಿದರೆ ಮೂಳೆಗಳ ಮೇಲೆ ಹೊರೆ ಹೆಚ್ಚುತ್ತದೆ. ಲಸಿಕೆಗಳನ್ನು ತಪ್ಪಿಸಬಾರದು, ಏಕೆಂದರೆ ಎದೆಗೂಡು ಚಿಕ್ಕದಾಗಿರುವ ಮಗುವಿಗೆ ಸಾಮಾನ್ಯ ಕೆಮ್ಮು ನೆಗಡಿಯೂ ನ್ಯುಮೋನಿಯಾಕ್ಕೆ ತಿರುಗಬಹುದು. ಚುಚ್ಚುಮದ್ದು ಕೊಡುವಾಗ ಕಾಲನ್ನು ಒತ್ತಿ ಹಿಡಿಯದಂತೆ ಹೇಳಿದರೆ ಸಾಕು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ದಂತವೈದ್ಯರಿಗೆ ತೋರಿಸಿ. ಶಾಲೆಗೆ ಸೇರಿಸುವ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸುತ್ತಿರಿ.

ಮನೆಯ ಆಚೆ

ಈ ಮಕ್ಕಳ ಬುದ್ಧಿಗೆ ಕಾಯಿಲೆಯಿಂದ ಯಾವ ಕುಂದೂ ಇಲ್ಲ. ಬೇರೆ ಮಕ್ಕಳ ಜೊತೆ ಅವರೂ ಶಾಲೆಯಲ್ಲಿ ಕೂರಬೇಕು. ಸೇರಿಸುವ ಮೊದಲು ಶಿಕ್ಷಕರ ಜೊತೆ ಕುಳಿತು ಒಂದೇ ಪುಟದ ಬರಹ ಸಿದ್ಧಪಡಿಸಿ: ಮಗುವನ್ನು ಯಾರು ಎತ್ತಬಹುದು, ಹೇಗೆ ಎತ್ತಬೇಕು, ಮುರಿತದ ಅನುಮಾನ ಬಂದರೆ ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು. ಗಂಟೆ ಬಾರಿಸುವುದಕ್ಕೆ ಐದು ನಿಮಿಷ ಮೊದಲು ಒಬ್ಬ ಗೆಳೆಯ ಅಥವಾ ಗೆಳತಿಯ ಜೊತೆ ಹೊರಗೆ ಬಿಟ್ಟರೆ ನೂಕುನುಗ್ಗಲು ತಪ್ಪುತ್ತದೆ. ಆಟದ ಅವಧಿಯಲ್ಲಿ ಒಬ್ಬಂಟಿಯಾಗಿ ತರಗತಿಯಲ್ಲಿ ಕೂರಿಸುವುದಕ್ಕೆ ಮಾತ್ರ ಒಪ್ಪಬೇಡಿ. ಅಂಕ ಎಣಿಸುವ, ಚೆಂಡು ಉರುಳಿಸುವ ಪಾತ್ರವಾದರೂ ಅದಕ್ಕೆ ಇರಲಿ. ಮನೆಯಲ್ಲಿ ಅಣ್ಣನೋ ಅಕ್ಕನೋ ಇದ್ದರೆ ಅವರಿಗೂ ತಮ್ಮದೇ ಆದ ಹೊತ್ತು ಬೇಕು. ತಮ್ಮನನ್ನು ತಬ್ಬಿಕೊಳ್ಳುವುದು ಹೇಗೆಂದು ಅವರಿಗೆ ಕಲಿಸಿ, ಮುಟ್ಟಬೇಡ ಎಂದಷ್ಟೇ ಹೇಳಿ ದೂರವಿಡಬೇಡಿ.

ಮೂರು ವರ್ಷ ದಾಟಿದ ಮಗುವಿಗೆ ತನ್ನ ಕಾಯಿಲೆಯ ಹೆಸರನ್ನೂ, ತನ್ನನ್ನು ಎತ್ತುವ ರೀತಿಯನ್ನೂ ಹೇಳಿಕೊಡಬೇಕು. ತನಗೆ ಎಲ್ಲಿ ನೋಯುತ್ತದೆ, ಯಾವ ಹಿಡಿತ ಸರಿ ಎಂಬುದು ಅದಕ್ಕಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಮನೆಗೆ ಬಂದ ನೆಂಟರು ಮುದ್ದಿನಿಂದ ಕೈ ಚಾಚಿದಾಗ ಆ ಮಗು, "ಕಂಕುಳಲ್ಲಿ ಹಿಡೀಬೇಡಿ, ಕೆಳಗಿಂದ ಎತ್ತಿ" ಎಂದು ಹೇಳಿದರೆ ಅಧಿಕಪ್ರಸಂಗವೆಂದು ಗದರಿಸದೆ, ನೆಂಟರ ಕೈಗಳನ್ನು ಅದು ಹೇಳಿದಂತೆಯೇ ಇರಿಸಿ ತೋರಿಸಿ.